ಇದ್ದುದನ್ನು ಇದ್ದಂತೆ ಬರೆದವನ ಗಳಿಕೆ

(ಪಟ್ಟಣದ ವಾಚನಾಲಯವೊಂದರ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನಮ್ಮನ್ನು ಕರೆಯಬಂದಾಗ, ಭಾಷಣದ ವಿಷಯವನ್ನು ನಮ್ಮ ಇಷ್ಟಕ್ಕೆ ಬಿಟ್ಟಿರುವದಾಗಿ ಔದಾರ್ಯದಿಂದ ಹೇಳಿದರು. ಆದರೆ ವಿಷಯವನ್ನು ಆರಿಸಿದವರು ನಾವಲ್ಲ. ಕಳೆದ ವರ್ಷ ಇಂಥದೇ ಒಂದು ಸಭೆ ಮುಗಿದ ಮೇಲೆ ತರುಣ ಶಿಕ್ಷಕರೊಬ್ಬರು ನಮ್ಮನ್ನು ಬಾಗಿಲಲ್ಲಿ ತಡೆದು ಹೀಗೆ ಕೇಳಿದರು: “ಕವಿತೆ ಬರೆದವನನ್ನು ಕವಿಯೆನ್ನುತ್ತಾರೆ, ಕಾದಂಬರಿ ಬರೆದವನನ್ನು ಕಾದಂಬರಿಕಾರನೆನ್ನುತ್ತಾರೆ. ಊರಿನ ಕೆರೆಯನ್ನೋ ನೇಕಾರನ ಮಗ್ಗವನ್ನೋ ಹೊಲದ ಹಕ್ಕಿಗಳನ್ನೋ ಕುರಿತು ಇದ್ದುದನ್ನು ಇದ್ದಂತೆ ಬರೆದವನಿಗೆ ಒಂದು ಹೆಸರಾದರೂ ಇಲ್ಲ. ಹಾಗೆ ಬರೆದು ಬರುವದೇನು?” ನಮಗೆ ಬಸ್ಸಿನ ಹೊತ್ತಾಗಿತ್ತು. ನಾಡಸೇವೆ, ನುಡಿಸೇವೆ ಎಂದು ಏನೋ ನಾಲ್ಕು ಮಾತು ಹೇಳಿ ಹೊರಟುಬಿಟ್ಟೆವು. ಆ ಉತ್ತರದಿಂದ ಅವರಿಗೂ ಸಮಾಧಾನವಾಗಲಿಲ್ಲ, ನಮಗೂ ಆಗಲಿಲ್ಲ. ಒಂದು ವರ್ಷದಿಂದ ಕೊಡದೆ ಉಳಿಸಿಕೊಂಡ ಸಾಲವದು. ಇಂದು ತೀರಿಸಲು ಯತ್ನಿಸುತ್ತೇವೆ.

ಮೊದಲು ಹಣದ ಮಾತನ್ನು ಆಡಿ ಮುಗಿಸುವೆವು. ಅದು ಬಹಳ ಹೊತ್ತು ಹಿಡಿಯುವದಿಲ್ಲ. ಕಥೆಯಲ್ಲದ, ಕವಿತೆಯಲ್ಲದ, ಪರೀಕ್ಷೆಗೆ ಬಾರದ ಪುಸ್ತಕವನ್ನು ಬರೆದು ಕನ್ನಡದಲ್ಲಿ ಶ್ರೀಮಂತನಾದವನನ್ನು ನಾವು ಕಂಡಿಲ್ಲ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಭೌತಶಾಸ್ತ್ರದ ಅಧ್ಯಾಪಕರಾದ ವೆಂಕಟನಾರಣಪ್ಪನವರು ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂದು ವಾದಿಸುತ್ತ ಕೂಡ್ರಲಿಲ್ಲ, ಹೇಳಿಯೇ ತೋರಿಸಿದರು. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ನಮ್ಮ ಸ್ವಂತದ ಅನುಭವವನ್ನು ಕೇಳುವದಾದರೆ, ಶಾಲೆಯ ಮಕ್ಕಳಿಗಾಗಿ ಒಕ್ಕಲುತನದ ಸಾಮಾನುಗಳನ್ನು ಕುರಿತು ನಾವು ಬರೆದ ಚಿಕ್ಕ ಪುಸ್ತಕದ 500 ಪ್ರತಿಗಳಲ್ಲಿ ಮುನ್ನೂರು ಮೂರು ವರ್ಷ ನಮ್ಮ ಮಂಚದ ಕೆಳಗೇ ಇದ್ದವು. ಮಳೆಗಾಲಕ್ಕೊಮ್ಮೆ ಅವನ್ನು ಬಿಸಿಲಿಗೆ ಹಾಕುವ ಕೆಲಸ ಮನೆಯವರದು. “ನೀವು ಬರೆದದ್ದನ್ನು ಓದಿದವರಿಗಿಂತ ಒಣಗಿಸಿದವಳ ಶ್ರಮವೇ ಹೆಚ್ಚು” ಎಂದು ಅವರು ಅನ್ನುತ್ತಿದ್ದರು. ನಮ್ಮ ಬಳಿ ಮರುಮಾತಿರಲಿಲ್ಲ.

ಮಾನಮರ್ಯಾದೆಗಳ ಮಾತು ಹಾಗಲ್ಲ. ಅವು ಕವಿಗಳಿಗಷ್ಟೇ ಮೀಸಲೆಂಬ ತಿಳಿವಳಿಕೆ ತಪ್ಪು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ, ಮಹಾಕಾವ್ಯಕ್ಕೆ. ಮರುವರ್ಷವೇ ಅದು ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ಸಂದಿತು. ಶಿವರಾಮ ಕಾರಂತರು ಕಾದಂಬರಿಕಾರರೆಂದೇ ಮನೆಮಾತಾದವರು. ಆ ಪ್ರಶಸ್ತಿಯಾದರೋ 1959ರಲ್ಲಿ ಅವರಿಗೆ ಬಂದದ್ದು ‘ಯಕ್ಷಗಾನ ಬಯಲಾಟ’ವೆಂಬ ಅಭ್ಯಾಸಗ್ರಂಥಕ್ಕೆ. 1970ರಲ್ಲಿ ಶಂ. ಬಾ. ಜೋಶಿಯವರಿಗೂ 1978ರಲ್ಲಿ ಬಿ. ಜಿ. ಎಲ್. ಸ್ವಾಮಿಯವರಿಗೂ ಇಂಥ ಬರವಣಿಗೆಗೇ ಅದು ದೊರೆಯಿತು. ಆದರೆ ನಮ್ಮನ್ನು ತಡೆದು ಕೇಳಿದ ಶಿಕ್ಷಕರು ಅಕಾಡೆಮಿಯ ತಾಮ್ರಪಟವನ್ನು ಕೇಳಿದವರಲ್ಲ. ರಾತ್ರಿ ಉಂಡ ಮೇಲೆ ದೀಪದ ಮುಂದೆ ಕುಳಿತು ಬರೆಯುವ ಸಾಮಾನ್ಯನಿಗೆ ಏನು ಸಿಗುವದೆಂದು ಕೇಳಿದರು.

ನಮಗೆ ಸಿಕ್ಕುದನ್ನು ಹೇಳುತ್ತೇವೆ.

ಆಗಲೇ ಹೇಳಿದ ಆ ಚಿಕ್ಕ ಪುಸ್ತಕದಲ್ಲಿ ಕೂರಿಗೆಯ ಮೇಲೊಂದು ಪಾಠವಿತ್ತು. ಇಲ್ಲಿಯ ಹಿರಿಯರಿಗೆ ಕೂರಿಗೆಯನ್ನು ಬಣ್ಣಿಸಬೇಕಾಗಿಲ್ಲ. ಆದರೆ ಟ್ರ್ಯಾಕ್ಟರಿನ ಬಿತ್ತನೆಯನ್ನೇ ಕಂಡು ಬೆಳೆದ ಮಕ್ಕಳೂ ಮುಂದಿನ ಸಾಲಿನಲ್ಲಿದ್ದಾರೆ, ಅವರಿಗಾಗಿ ಹೇಳುವೆವು. ಅಡ್ಡವಾದ ಒಂದು ಮರದ ದಿಂಡು. ಅದಕ್ಕೆ ನೆಲ ಸೀಳುವ ಮೂರೋ ನಾಲ್ಕೋ ತಾಳುಗಳು. ಒಂದೊಂದು ತಾಳಿಗೆ ಒಂದೊಂದು ಬಿದಿರಿನ ಕೊಳವೆ. ಆ ಕೊಳವೆಗಳೆಲ್ಲ ಮೇಲೆ ಕೂಡುವಲ್ಲಿ ತೂತುಗಳುಳ್ಳ ಒಂದು ಮರದ ಬಟ್ಟಲು. ಎತ್ತು ಎಳೆಯುತ್ತವೆ, ತಾಳು ಗೆರೆ ಕೊರೆಯುತ್ತದೆ, ಬಟ್ಟಲಿನ ಬೀಜ ಕೊಳವೆಯಿಂದಿಳಿದು ಗೆರೆಯಲ್ಲಿ ಬೀಳುತ್ತದೆ. ಹಿಂದೆ ಕುಂಟೆ ಬಂದು ಮಣ್ಣು ಮುಚ್ಚುತ್ತದೆ. ಇಷ್ಟನ್ನು ನಾವು ಚಿತ್ರಸಮೇತ ಬರೆದಿದ್ದೆವು. ಬರೆದು ಹಿಗ್ಗಿದ್ದೆವು ಕೂಡ. “ಬಟ್ಟಲಿನಲ್ಲಿ ಬೀಜವನ್ನು ತುಂಬಿದರೆ ಅದು ತಾನಾಗಿ ಎಲ್ಲ ಸಾಲುಗಳಲ್ಲಿ ಸಮನಾಗಿ ಬೀಳುವದು” ಎಂಬದು ನಮ್ಮದೇ ವಾಕ್ಯ.

ಪುಸ್ತಕ ಬಂದು ಕೆಲವು ತಿಂಗಳಾದ ಮೇಲೆ ಪಕ್ಕದ ಹಳ್ಳಿಯ ಹುಡುಗನೊಬ್ಬ ತನ್ನ ಅಜ್ಜಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅವನು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಾಗ ಆಕೆ ಕೇಳಿಸಿಕೊಂಡಿದ್ದಳಂತೆ. ಆಕೆಗೆ ಓದುಬರಹವಿಲ್ಲ. ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಬಹಳ ಸಂಕೋಚದಿಂದ ಹೇಳಿದಳು: “ಮಾಸ್ತರ, ಬೀಜ ತಾನ ಬೀಳೂದಿಲ್ರೀ. ನಾವು ಬಿಡತೇವಿ.”

ನಮಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಾಚಿಕೆಯಾಯಿತು. ಬಟ್ಟಲಿನಲ್ಲಿ ಬೀಜವನ್ನು ತುಂಬುವದೇ ಇಲ್ಲ. ಬೀಜವಿರುವದು ಬಿತ್ತುವ ಹೆಂಗಸಿನ ಉಡಿಯಲ್ಲಿ. ಆಕೆ ಕೂರಿಗೆಯ ಬೆನ್ನಹಿಂದೆ ಅದರದೇ ವೇಗದಲ್ಲಿ ನಡೆಯುತ್ತ ಮುಷ್ಟಿಯಿಂದ ಬೀಜವನ್ನು ಬಟ್ಟಲಿಗೆ ಬಿಡುತ್ತ ಹೋಗಬೇಕು. ಮುಷ್ಟಿ ಸಡಿಲಾದರೆ ಪೈರು ಒತ್ತಾಗುತ್ತದೆ, ಬಿಗಿಯಾದರೆ ಸಾಲು ಬೋಳಾಗುತ್ತದೆ. ಕೈ ಒಂದು ಬದಿಗೆ ವಾಲಿದರೆ ಒಂದು ತಾಳಿಗೆ ಬೀಜ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಜೋಳಕ್ಕೆ ಒಂದು ಹದ, ಸಣ್ಣ ಕಾಳಿಗೆ ಮತ್ತೊಂದು ಹದ. ಬಿತ್ತಿದ ಹತ್ತು ದಿನಕ್ಕೆ ಮೊಳಕೆ ಎದ್ದಾಗ ಬಿತ್ತಿದವಳ ಕೈ ಎಂಥದೆಂಬದು ಹಾದಿಹೋಕರಿಗೂ ತಿಳಿದುಬಿಡುತ್ತದೆ. ಆಕೆ ತನ್ನ ಮುಷ್ಟಿಯನ್ನು ನಮ್ಮ ಮುಂದೆ ಹಿಡಿದು ಹೆಬ್ಬೆರಳನ್ನು ಹೇಗೆ ಆಡಿಸಬೇಕೆಂದು ತೋರಿಸಿದಳು. ಒಂದು ಹಿಡಿ ಜೋಳ ತರಿಸಿ ನಾವೂ ಮಾಡಿ ನೋಡಿದೆವು. ನಮ್ಮ ಕೈಯಿಂದ ಅದು ಸುರಿಯಿತೇ ಹೊರತು ಇಳಿಯಲಿಲ್ಲ. ಮೊಮ್ಮಗ ನಕ್ಕ. ಆಕೆ ಅವನನ್ನು ಗದರಿದಳು.

ಸಭಿಕರೇ, ನಾವು ಹೊಲದ ಊರಲ್ಲಿ ಹುಟ್ಟಿದವರು. ಹುಡುಗತನದಿಂದ ನೂರು ಸಲ ಬಿತ್ತನೆಯನ್ನು ಕಂಡವರು. ಕಂಡೂ ಆ ಮುಷ್ಟಿಯನ್ನು ನೋಡಿರಲಿಲ್ಲ! ಕೂರಿಗೆಯ ಪಾಠವನ್ನು ಬರೆಯದೆ ಇದ್ದಿದ್ದರೆ ನಾವು ಅದನ್ನು ಬಲ್ಲೆವೆಂಬ ಭ್ರಮೆಯಲ್ಲಿಯೇ ಆಯುಷ್ಯ ಕಳೆಯುತ್ತಿದ್ದೆವು. ತಪ್ಪಾಗಿಯಾದರೂ ಬರೆದೆವು, ತಪ್ಪು ಕಾಗದದ ಮೇಲೆ ಇದ್ದುದರಿಂದ ಒಬ್ಬಳು ಅದನ್ನು ಕೇಳಿ, ಮೂರು ಮೈಲು ನಡೆದುಬಂದು ತಿದ್ದಿದಳು. ಕಲ್ಪನೆಯ ಕಥೆಯಲ್ಲಿಯ ಹೆಂಗಸು ತನ್ನನ್ನು ಬರೆದವನ ಮನೆಗೆ ಬಂದು ಹೀಗಲ್ಲ ಎಂದು ಹೇಳಲಾರಳು. ಇದ್ದುದನ್ನು ಬರೆದವನ ಬಳಿಗೆ ಆ ಇದ್ದುದೇ ಒಂದು ದಿನ ಬಂದು ಬಾಗಿಲು ಬಡಿಯುತ್ತದೆ. ನಮ್ಮ ಮಟ್ಟಿಗೆ ಇದಕ್ಕಿಂತ ದೊಡ್ಡ ಗಳಿಕೆ ಇನ್ನೊಂದಿಲ್ಲ.

ಶಿಕ್ಷಕ ಬಂಧುಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಅಮಾವಾಸ್ಯೆಯ ದಿನ ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ಬರುವದರಿಂದ ಸೂರ್ಯಗ್ರಹಣವಾಗುವದೆಂದು ನಾವೆಲ್ಲ ಹಲಗೆಯ ಮೇಲೆ ಮೂರು ವರ್ತುಲ ಬರೆದು ಕಲಿಸಿದವರೇ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣವೇಕಾಗದು? ಹುಡುಗ ಕೇಳಿದರೆ “ಮುಂದಿನ ತರಗತಿಯಲ್ಲಿ ಕಲಿಯುವಿ” ಎಂದು ಕೂಡ್ರಿಸಬಹುದು. ಆ ಉಪಾಯವನ್ನು ನಾವೂ ಬಲ್ಲೆವು. ಆದರೆ ಅದೇ ಸಂಗತಿಯನ್ನು ಒಂದು ಪುಟದಲ್ಲಿ ಬರೆಯಲು ಕುಳಿತರೆ ಕೂಡ್ರಿಸಲು ಯಾರೂ ಇಲ್ಲ. ಚಂದ್ರನ ಹಾದಿ ಭೂಮಿಯ ಹಾದಿಯ ಸಮತಲಕ್ಕೆ ಸುಮಾರು 5 ಅಂಶ ಓರೆಯಾಗಿದೆಯೆಂದೂ, ಆದುದರಿಂದ ಬಹುತೇಕ ಅಮಾವಾಸ್ಯೆಗಳಲ್ಲಿ ಅವನ ನೆರಳು ಭೂಮಿಯ ಮೇಲಿಂದಲೋ ಕೆಳಗಿನಿಂದಲೋ ಜಾರಿಹೋಗುವದೆಂದೂ, ಆ ಎರಡು ಹಾದಿಗಳು ಕೂಡುವ ಎಡೆಗಳನ್ನೇ ನಮ್ಮ ಹಿರಿಯರು ರಾಹುಕೇತುಗಳೆಂದು ಎಣಿಸಿದರೆಂದೂ ಬರೆಯುವ ಹೊತ್ತಿಗೆ ನಮ್ಮ ಮೂರು ಹಾಳೆ ಹರಿದುಹೋದವು. ಇಪ್ಪತ್ತು ವರ್ಷ ಕಲಿಸಿದ ಪಾಠವನ್ನು ನಾವು ಅಂದು ಕಲಿತೆವು.

“ಇಂಥ ವಿಷಯಗಳನ್ನು ಬರೆಯಲು ಪಂಡಿತರೇ ಬೇಕಲ್ಲವೇ?” ಎಂದು ಕೆಲವರು ಹಿಂಜರಿಯುತ್ತಾರೆ. ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ಅರ್ಧಕ್ಕೆ ಬಿಟ್ಟವರು. ಅವರೇ 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು 3 ಸಂಪುಟಗಳಲ್ಲಿಯೂ ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನು 4 ಸಂಪುಟಗಳಲ್ಲಿಯೂ ಒಬ್ಬರೇ ಕುಳಿತು ಬರೆದರು. ಅದನ್ನು ಓದಿದವರಿಗೆ ಅಲ್ಲಲ್ಲಿ ತೊಡಕಿನ ವಾಕ್ಯಗಳೂ ಕೈಗೆ ಸಿಕ್ಕಿಯಾವು. ಅದು ಬೇರೆ ಮಾತು. ಇನ್ನೊಂದು ಕಡೆಗೆ ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರದಲ್ಲಿ ನುರಿತ ಪಂಡಿತರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು ‘ಹಸುರು ಹೊನ್ನು’ವಿನಲ್ಲಿ ಬರೆದಾಗ ಗಿಡಗಳ ಚಿತ್ರಗಳನ್ನು ತಾವೇ ಬಿಡಿಸಿದರು, ನಗೆಯನ್ನೂ ತಾವೇ ಬೆರೆಸಿದರು. ಆ ಪುಸ್ತಕವನ್ನು ಓದಿದ ಬಳಿಕ ಹಾದಿಯ ಗಿಡವನ್ನು ಬರಿಯ ಹಸುರೆಂದು ನೋಡಿ ಮುಂದೆ ಹೋಗುವದು ಕಷ್ಟ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಅವರಷ್ಟು ಸೊಗಸಾಗಿ ಸುಳ್ಳುಮಾಡಿದವರು ಕಡಿಮೆ.

ಇನ್ನು ನಮ್ಮ ಧಾರವಾಡದ ಶಂ. ಬಾ. ಜೋಶಿಯವರು. ಶಿಕ್ಷಕರ ಸಭೆಯಲ್ಲಿ ಅವರ ಹೆಸರನ್ನು ತುಸು ಗಟ್ಟಿಯಾಗಿಯೇ ಹೇಳಬೇಕು, ಏಕೆಂದರೆ ಅವರು ಶಾಲಾಮಾಸ್ತರರು. ವಿಶ್ವವಿದ್ಯಾಲಯದ ಪೀಠವಾಗಲಿ ಸರಕಾರದ ಶಿಲಾಶಾಸನ ಇಲಾಖೆಯಾಗಲಿ ಅವರ ಬೆನ್ನಿಗೆ ಇರಲಿಲ್ಲ. ಇದ್ದುದು ನಕಾಶೆ ಮತ್ತು ಊರ ಹೆಸರುಗಳು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಉತ್ತರದ ಮೇರೆಯನ್ನು ಗೋದಾವರಿಯವರೆಗೆ ಹೇಳುತ್ತದಷ್ಟೇ, ಅದು ಕವಿಯ ಹೆಮ್ಮೆಯ ಮಾತೋ ನೆಲದ ಮಾತೋ ಎಂದು ತಿಳಿಯಬೇಕಾದರೆ ನೆಲವನ್ನೇ ಕೇಳಬೇಕಲ್ಲವೇ? ಮರಾಠಿ ಸೀಮೆಯ ಊರುಗಳ ಹೆಸರುಗಳಲ್ಲಿ ಹುದುಗಿದ ಕನ್ನಡದ ಮಾತುಗಳನ್ನು, ಹಟ್ಟಿ ಪಟ್ಟಿಗಳನ್ನು, ಒಂದೊಂದಾಗಿ ಹೆಕ್ಕಿ ಅವರು ತಮ್ಮ ವಾದವನ್ನು ಕಟ್ಟಿದರು. ಅವರ ನಿರ್ಣಯಗಳೆಲ್ಲ ಪಂಡಿತರಿಗೆ ಸಮ್ಮತವಾಗಿವೆಯೆಂದಲ್ಲ; ಕೆಲವು ನಮಗೂ ದೂರಾನ್ವಯವಾಗಿ ತೋರುತ್ತವೆ. ಆದರೆ ಆ ಊರ ಹೆಸರುಗಳು ಎಲ್ಲರ ಕಣ್ಣಮುಂದೆಯೇ ಇದ್ದವು. ಅಂಚೆಯವನು ದಿನಾಲು ಓದುತ್ತಿದ್ದನು, ತಲಾಠಿ ಬರೆಯುತ್ತಿದ್ದನು. ಪ್ರಶ್ನೆಯನ್ನು ಕೇಳಿದವರು ಒಬ್ಬ ಮಾಸ್ತರರು. 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು.

ಇಷ್ಟು ಹೇಳಿದ ಮೇಲೆ ಆಲೂರ ವೆಂಕಟರಾಯರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರು ಹಂಪೆಯ ಹಾಳುಗಳನ್ನು ಕಂಡು ಕಳವಳಗೊಂಡದ್ದು 1905ರಲ್ಲಿ. ‘ಕರ್ನಾಟಕ ಗತವೈಭವ’ವು ಅಚ್ಚಾದದ್ದು 1917ರಲ್ಲಿ. ನಡುವೆ ಕಳೆದ ವರ್ಷಗಳನ್ನು ಎಣಿಸಿರಿ. ಕಳವಳ ಒಂದು ಗಳಿಗೆಯದು. ಅದನ್ನು ಸಂಗತಿಗಳಿಂದ ತುಂಬಿಸಲು ಹನ್ನೆರಡು ವರ್ಷ ಬೇಕಾದವು. ಅಂದಿನ ಸ್ಥಿತಿಯನ್ನು ಇಂದಿನ ತರುಣರು ಊಹಿಸಿಕೊಳ್ಳಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ, ಬಳ್ಳಾರಿ ಮಂಗಳೂರುಗಳು ಮದ್ರಾಸಿಗೆ, ಬೀದರ, ಗುಲ್ಬರ್ಗಾ, ರಾಯಚೂರುಗಳು ನಿಜಾಮರಿಗೆ, ಮೈಸೂರು ಅರಸರದು, ಕೊಡಗು ಬೇರೆ. ಕನ್ನಡವಾಡುವವನು ಎಲ್ಲಿಯೂ ಇದ್ದನು, ಕನ್ನಡಿಗನೆಂಬವನು ಎಲ್ಲಿಯೂ ಇರಲಿಲ್ಲ. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳ ರಾಜ್ಯಗಳು ಇದ್ದುವೆಂಬದು ಇತಿಹಾಸದ ಮಾತು. ಅವು ತನ್ನವೆಂಬದು ಇಲ್ಲಿಯ ಓದಿದವನಿಗೂ ಹೊಸ ಮಾತು. ಆ ಪುಸ್ತಕದಲ್ಲಿ ಕಟ್ಟಿದ ಕಥೆಯಿಲ್ಲ. ಶಾಸನ, ದೇವಾಲಯ, ನಾಣ್ಯ, ಗ್ರಂಥ, ಇವನ್ನು ಮುಂದಿಟ್ಟು, ಇವು ನಿನ್ನವು ನೋಡು ಎಂದು ಅದು ಹೇಳಿತು. ಅದರಲ್ಲಿಯ ಎಲ್ಲ ಮಾತನ್ನೂ ಇಂದಿನ ಸಂಶೋಧಕನು ಒಪ್ಪಲಾರನು. ಅಭಿಮಾನವು ಅಲ್ಲಲ್ಲಿ ಆಧಾರವನ್ನು ಹಿಂದೆ ಹಾಕಿ ಓಡಿದ್ದುಂಟು. ಆದರೆ 1956ರ ನವೆಂಬರ 1ರಂದು ಕನ್ನಡ ಪ್ರದೇಶಗಳು ಒಂದು ರಾಜ್ಯವಾದಾಗ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಆ ಪುಸ್ತಕ ಬರೆದವರಿಗೆ ಇತ್ತು. ಆಗ ಅವರಿಗೆ ವಯಸ್ಸು 76. ಪುಸ್ತಕವೊಂದೇ ಅದನ್ನು ಮಾಡಿತೆಂದು ನಾವು ಹೇಳುವದಿಲ್ಲ. ಸಾವಿರಾರು ಜನ ಸೆರೆಮನೆ ಕಂಡರು, ಊರೂರು ಅಲೆದರು. ಅವರಲ್ಲಿ ಎಷ್ಟೋ ಜನರ ಕೈಚೀಲದಲ್ಲಿ ಆ ಪುಸ್ತಕವಿತ್ತೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಿಕ್ಕಿಲ್ಲ.

ಇಂಥ ಬರವಣಿಗೆಗೆ ಇನ್ನೊಂದು ಗುಣವುಂಟು. ಕೆಲವರು ಅದನ್ನೇ ದೋಷವೆಂದು ಎಣಿಸುತ್ತಾರೆ. ಅದು ಹಳತಾಗುತ್ತದೆ. ಪಂಪನ ಒಂದು ಪದ್ಯವನ್ನು ಯಾರೂ ತಿದ್ದಿ ಉತ್ತಮಗೊಳಿಸಲಾರರು. ಆದರೆ ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಶಬ್ದಗಳು. ಜರ್ಮನಿಯಲ್ಲಿ ಹುಟ್ಟಿದ ಮನುಷ್ಯ ನಮ್ಮವರ ಬಾಯಿಂದ ಮಾತುಗಳನ್ನೂ ಗಾದೆಗಳನ್ನೂ ಕೇಳಿ ಕೇಳಿ ಕೂಡಿಹಾಕಿದ್ದು. ಮುಂದೆ ಮರಿಯಪ್ಪ ಭಟ್ಟರು ಅದನ್ನು ತಿದ್ದಿ ಬೆಳೆಸಿ ಮದ್ರಾಸ ವಿಶ್ವವಿದ್ಯಾಲಯದಿಂದ 4 ಸಂಪುಟಗಳಾಗಿ ಹೊರತಂದರು. ಸಾಹಿತ್ಯ ಪರಿಷತ್ತಿನ ಮಹಾನಿಘಂಟು 8 ಸಂಪುಟಗಳಾಗಿ ಬೆಳೆದು 1995ರಲ್ಲಿ ಮುಗಿಯಿತು. ಹಾಗೆಯೇ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’: ಮೊದಲ ಸಂಪುಟ 1907, ಎರಡನೆಯದು 1919, ಮೂರನೆಯದು 1929. ಮೊದಲನೆಯದರಲ್ಲಿ ಜೊತೆಗೂಡಿದ್ದ ಎಸ್. ಜಿ. ನರಸಿಂಹಾಚಾರ್ಯರು ಆ ವರ್ಷವೇ ತೀರಿಕೊಂಡರು; ಉಳಿದವರು ಭಾರವನ್ನು ಇಳಿಸದೆ ಇನ್ನೂ ಇಪ್ಪತ್ತೆರಡು ವರ್ಷ ಹೊತ್ತರು. ಕವಿಗಳ ಕಾಲವನ್ನು ಕುರಿತು ಅವರು ಹೇಳಿದ ಎಷ್ಟೋ ಮಾತುಗಳನ್ನು ಈಚಿನವರು ಬದಲಿಸಿದ್ದಾರೆ. ಆದರೆ ಬದಲಿಸುವವನು ಮೊದಲು ತೆಗೆದು ನೋಡುವ ಪುಸ್ತಕ ಇಂದಿಗೂ ಅದೇ. ತನ್ನ ಬೆನ್ನಮೇಲೆ ಇನ್ನೊಬ್ಬನು ಕಾಲಿಟ್ಟು ಮೇಲೆ ಹತ್ತಿದನೆಂದು ಸಂತೋಷಪಡುವ ಭಾಗ್ಯ ಕವಿಗೆ ಎಲ್ಲಿಯದು?

ಈಗ ನಿಮ್ಮ ಊರಿನ ಮಾತು. ಬರುವಾಗ ದಾರಿಯಲ್ಲಿ ನಿಮ್ಮ ಊರ ಕೆರೆಯನ್ನು ಕಂಡೆವು. ತೂಬು ಒಡೆದಿದೆ, ಕೋಡಿಯ ಕಲ್ಲಿನ ಮೇಲೆ ಏನೋ ಅಕ್ಷರವಿದೆ, ಓದಲಾಗಲಿಲ್ಲ. ಆ ಕೆರೆಯ ನೀರನ್ನು ಯಾವ ಹೊಲಕ್ಕೆ ಯಾವ ಸರದಿಯಲ್ಲಿ ಬಿಡುತ್ತಿದ್ದರು? ತಂಟೆ ಬಂದರೆ ಯಾರು ತೀರಿಸುತ್ತಿದ್ದರು? ಪೇಟೆಯ ಕಾಳಿನಂಗಡಿಯಲ್ಲಿ ಕಿಲೋಗ್ರಾಮಿಗಿಂತ ಮುಂಚೆ ಯಾವ ಯಾವ ಅಳತೆಗಳಿದ್ದವು, ಎಷ್ಟು ಸೇರಿಗೆ ಒಂದು ಕೊಳಗ? ನೇಕಾರರ ಓಣಿಯಲ್ಲಿ ಕುಣಿಮಗ್ಗಗಳು ಎಷ್ಟು ಉಳಿದಿವೆ? ಲಾಳಿ, ಕಂಡಿಕೆ, ಹಣಿಗೆ ಎಂದು ನಾವು ನಾಲ್ಕು ಹೆಸರು ಬಲ್ಲೆವು. ಮಗ್ಗದ ಮುಂದೆ ಕುಳಿತವನು ನಲವತ್ತು ಬಲ್ಲನು. ಇವನ್ನು ಬಲ್ಲವರು ಇಂದು ಎಪ್ಪತ್ತು ಎಂಬತ್ತು ದಾಟಿದವರು. ಅಂತರ್ಜಾಲದಲ್ಲಿ ಎಲ್ಲವೂ ಸಿಗುವದೆಂದು ನಮ್ಮ ಮೊಮ್ಮಕ್ಕಳು ಹೇಳುತ್ತಾರೆ. ಯಾರೋ ಬರೆದು ಹಾಕಿದ್ದಷ್ಟೇ ಅಲ್ಲಿ ಸಿಕ್ಕೀತು. ನಿಮ್ಮ ಕೆರೆಯ ಸರದಿಯನ್ನು ಬೆಂಗಳೂರಿನವನೋ ಅಮೇರಿಕದವನೋ ಬರೆದು ಹಾಕುವನೆಂದು ಕಾಯುವದು ವ್ಯರ್ಥ. ನಿಮ್ಮ ಶಾಲೆಯ ಹಾಜರಿ ಪುಸ್ತಕದ ಬಗಲಿಗೆ ಇನ್ನೊಂದು ನೂರು ಹಾಳೆಯ ನೋಟುಬುಕ್ಕನ್ನು ಇಟ್ಟುಕೊಳ್ಳಿರಿ. ವಾರಕ್ಕೊಂದು ಪುಟವಾದರೂ ಸಾಕು. ತಪ್ಪಿದರೆ ತಪ್ಪಲಿ, ತಿದ್ದುವವರು ಬರುತ್ತಾರೆ, ನೀರು ಕೊಟ್ಟು ಕೂಡ್ರಿಸಿರಿ.

ಕೂರಿಗೆಯ ಅಜ್ಜಿಯ ಮಾತನ್ನು ಮುಗಿಸದೆ ಬಿಟ್ಟಿದ್ದೇವೆ. ಎರಡನೆಯ ಮುದ್ರಣದಲ್ಲಿ ಪಾಠವನ್ನು ತಿದ್ದಿ ಬರೆದೆವು. ಮುಷ್ಟಿಯ ಚಿತ್ರವನ್ನೂ ಹಾಕಿಸಿದೆವು. ಪ್ರತಿಯನ್ನು ತೆಗೆದುಕೊಂಡು ನಾವೇ ಅವರ ಊರಿಗೆ ಹೋಗಿ ಆಕೆಯ ಮುಂದೆ ಓದಿದೆವು. ಕಣ್ಣುಮುಚ್ಚಿ ಕೇಳಿದಳು. “ಈಗ ಬರೋಬ್ಬರಿ ಐತ್ರೀ,” ಅಂದಳು. ನಮಗೆ ಪರೀಕ್ಷೆಯಲ್ಲಿ ತೇರ್ಗಡೆಯಾದಷ್ಟು ಹಿಗ್ಗಾಯಿತು. ಆಮೇಲೆ ಸ್ವಲ್ಪ ತಡೆದು ಅಂದಳು: “ಆದರ ಹಸಿ ಹೆಚ್ಚಾದಾಗಿನ ಮಾತು ಬಿಟ್ಟೀರಲ್ರೀ ಮಾಸ್ತರ.” ನೆಲದಲ್ಲಿ ಹಸಿ ಹೆಚ್ಚಾದರೆ ತಾಳಿನ ಬಾಯಿಗೆ ಮಣ್ಣು ಮೆತ್ತಿ ಕೊಳವೆ ಕಟ್ಟಿಕೊಳ್ಳುತ್ತದೆ. ಬೀಜ ಇಳಿಯದೆ ಬಟ್ಟಲಲ್ಲಿ ನಿಲ್ಲುತ್ತದೆ. ಅದು ಮೊದಲು ತಿಳಿಯುವದು ಬಿತ್ತುವವಳಿಗೆ. ಆಕೆ ಕೂಗಿ ಎತ್ತು ನಿಲ್ಲಿಸದಿದ್ದರೆ ಆ ಸಾಲು ಹೊಲದ ತುದಿಯವರೆಗೆ ಬರಿದೇ ಹೋಗುತ್ತದೆ.

ಮೂರನೆಯ ಮುದ್ರಣಕ್ಕೆ ಸೇರಿಸುವೆವೆಂದು ಮಾತು ಕೊಟ್ಟು ಬಂದೆವು. ಮೂರನೆಯ ಮುದ್ರಣ ಆಗಲಿಲ್ಲ. ಆಕೆ ಕಳೆದ ಹಿಂಗಾರಿನಲ್ಲಿ ತೀರಿಕೊಂಡಳೆಂದು ಮೊಮ್ಮಗ ಬಂದು ಹೇಳಿದ. ಈ ವಾಚನಾಲಯದ ಎರಡನೆಯ ಕಪಾಟಿನಲ್ಲಿ ಆ ಪುಸ್ತಕದ ಒಂದು ಪ್ರತಿಯಿದೆ. ಸಭೆಗೆ ಮುಂಚೆ ನೋಡಿದೆವು. ಕೂರಿಗೆಯ ಪಾಠದ ಕೊನೆಗೆ ನಾಲ್ಕು ಬೆರಳಷ್ಟು ಜಾಗ ಬಿಳಿದಾಗಿ ಉಳಿದಿದೆ. ಗ್ರಂಥಪಾಲರು ಅಪ್ಪಣೆ ಕೊಟ್ಟಿದ್ದಾರೆ. ಇಲ್ಲಿಂದ ಇಳಿದ ಕೂಡಲೇ ಅಲ್ಲಿ ಕುಳಿತು ಆ ನಾಲ್ಕು ಸಾಲುಗಳನ್ನು ಶಾಯಿಯಿಂದ ಬರೆದಿಟ್ಟು ಹೋಗುವೆವು.